ಓದಿದ ಪದವಿ, ಓದದ ಪದವಿ

ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯ ಅಧಿಸೂಚನೆ ಹತ್ತಾರು ಪುಟಗಳಷ್ಟು ಉದ್ದ. ಅದರಲ್ಲಿ ವಿದ್ಯಾರ್ಹತೆಯ ಷರತ್ತು ಮಾತ್ರ ತೀರಾ ಚಿಕ್ಕದು: ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಯಾವುದೇ ಪದವಿ. ಇಂಥದೇ ವಿಷಯ ಬೇಕೆಂದಿಲ್ಲ, ಇಷ್ಟೇ ಅಂಕ ಬೇಕೆಂದೂ ಇಲ್ಲ. ಕರ್ನಾಟಕ ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ, ಪಿಎಸ್‌ಐ, ಪಿಡಿಒ, ಎಫ್‌ಡಿಎ ಹುದ್ದೆಗಳಿಗೆ ಕೂಡ ಹೆಚ್ಚುಕಡಿಮೆ ಇದೇ ನಿಯಮ. ಗೌರಿಬಿದನೂರಿನಲ್ಲಿ ಬಿ.ಎ. ಮಾಡಿದವಳನ್ನೂ ದೊಡ್ಡ ಸಂಸ್ಥೆಯೊಂದರಲ್ಲಿ ಎಂಜಿನಿಯರಿಂಗ್ ಓದಿದವನನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸುವ ಈ ನಿಯಮ ನ್ಯಾಯವಾದದ್ದೇ. ತೊಂದರೆ ಇರುವುದು ನಾವು ಅದನ್ನು ಅರ್ಥಮಾಡಿಕೊಂಡಿರುವ ರೀತಿಯಲ್ಲಿ. ವಿಷಯ ಯಾವುದಾದರೂ ಆದೀತು ಎಂದು ಆಯೋಗ ಹೇಳಿದರೆ, ಓದು ಹೇಗಿದ್ದರೂ ಆದೀತು ಎಂದು ನಾವು ಕೇಳಿಸಿಕೊಂಡಿದ್ದೇವೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಈ ನಾಲ್ಕೂ ಊರುಗಳ ಪದವಿ ವಿದ್ಯಾರ್ಥಿಗಳಲ್ಲಿ ಅನೇಕರು ಹಿಡಿಯುವ ದಾರಿ ಒಂದೇ. ಮೂರು ವರ್ಷ ಹಾಜರಿಗಾಗಿ ಕಾಲೇಜು, ಪಾಸಾಗುವುದಕ್ಕಾಗಿ ಗೈಡು. ಅಂಕಪಟ್ಟಿ ಕೈಗೆ ಬಂದ ಮೇಲೆ ‘ಪ್ರಿಪರೇಷನ್’ ಶುರು. ಅನುಕೂಲ ಇದ್ದವರು ಬೆಂಗಳೂರಿನ ವಿಜಯನಗರದ ಕಡೆ ರೂಮು ಮಾಡುತ್ತಾರೆ, ಇಲ್ಲದವರು ಊರಿನ ಗ್ರಂಥಾಲಯದಲ್ಲೋ ಮೊಬೈಲ್ ಮುಂದೆಯೋ ಕೂರುತ್ತಾರೆ. ಮಗ ಏನು ಮಾಡುತ್ತಿದ್ದಾನೆ ಎಂದು ನೆಂಟರು ಕೇಳಿದರೆ ‘ಎಕ್ಸಾಮ್‌ಗೆ ಓದ್ತಾ ಇದ್ದಾನೆ’ ಎಂಬ ಉತ್ತರ ಮೊದಲ ವರ್ಷ ಹೆಮ್ಮೆಯಿಂದ ಬರುತ್ತದೆ, ನಾಲ್ಕನೆಯ ವರ್ಷ ತಗ್ಗಿದ ದನಿಯಲ್ಲಿ. ನನ್ನ ವಾದ ಇಷ್ಟು: ತಯಾರಿ ಪದವಿಯ ನಂತರ ಆರಂಭವಾಗಬೇಕಾದ ಕೆಲಸ ಎಂಬ ನಂಬಿಕೆಯೇ ಈ ಇಡೀ ವ್ಯವಹಾರದ ಅತ್ಯಂತ ದುಬಾರಿ ತಪ್ಪು. ಸರಿಯಾಗಿ ಓದಿದ ಪದವಿಯೇ ಈ ಪರೀಕ್ಷೆಗೆ ದೊಡ್ಡ ತಯಾರಿ. ಅದನ್ನು ಕಳೆದುಕೊಂಡವರು ಮತ್ತೆ ನಾಲ್ಕೈದು ವರ್ಷ ಕೊಟ್ಟು ಅದನ್ನೇ ಕೊಳ್ಳಲು ಹೋಗುತ್ತಾರೆ.

ಮೊದಲು ಲೆಕ್ಕ ನೋಡೋಣ. 2023ರ ನಾಗರಿಕ ಸೇವಾ ಪರೀಕ್ಷೆಗೆ ಅರ್ಜಿ ಹಾಕಿದವರು 10,16,850 ಮಂದಿ. ಪ್ರಿಲಿಮ್ಸ್ ಬರೆದವರು 5,92,141. ಅವರಲ್ಲಿ ಮೇನ್ಸ್‌ಗೆ ಅರ್ಹರಾದವರು 14,624, ಸಂದರ್ಶನಕ್ಕೆ ಹೋದವರು 2,855, ಕೊನೆಗೆ ಆಯ್ಕೆಯಾದವರು 1,016. ಬರೆದ ಸಾವಿರ ಮಂದಿಯಲ್ಲಿ ಇಬ್ಬರೂ ಇಲ್ಲ. ಸಂದರ್ಶನದ ಬಾಗಿಲವರೆಗೆ ಹೋಗಿ ಹಿಂದಿರುಗಿದ 1,839 ಮಂದಿಯ ಪಾಡು ಇನ್ನೂ ಕಠಿಣ. ಆ ಫಲಿತಾಂಶ ಬಂದದ್ದು 2024ರ ಏಪ್ರಿಲ್ 16ರಂದು. ಮುಂದಿನ ಪ್ರಿಲಿಮ್ಸ್ ಜೂನ್ 16ಕ್ಕೆ. ಎರಡು ತಿಂಗಳಲ್ಲಿ ಮತ್ತೆ ಮೊದಲ ಮೆಟ್ಟಿಲು. ಸಾಮಾನ್ಯ ವರ್ಗದವರಿಗೆ 32 ವರ್ಷದೊಳಗೆ ಆರು ಸಲ, ಹಿಂದುಳಿದ ವರ್ಗದವರಿಗೆ 35ರೊಳಗೆ ಒಂಬತ್ತು ಸಲ ಬರೆಯುವ ಅವಕಾಶವಿದೆ. ಅವಕಾಶ ಇದೆ ಎಂಬುದೇ ಅದನ್ನೆಲ್ಲ ಬಳಸಿ ಮುಗಿಸಲು ಕಾರಣವಾಗಿಬಿಡುತ್ತದೆ.

ಈ ಅಂಕಿಗಳನ್ನು ಹೆದರಿಸಲು ಹೇಳುತ್ತಿಲ್ಲ. ಸಾವಿರದಲ್ಲಿ ಒಬ್ಬಿಬ್ಬರಿಗೆ ಮಾತ್ರ ಫಲ ಸಿಗುವ ಕೆಲಸಕ್ಕೆ ಒಂದು ಜಿಲ್ಲೆಯ ಬುದ್ಧಿವಂತ ಮಕ್ಕಳು ವರ್ಷಗಟ್ಟಲೆ ಕೂರುವುದಾದರೆ, ಫಲ ಸಿಗದವರ ಕೈಯಲ್ಲಿ ಏನು ಉಳಿಯುತ್ತದೆ ಎಂಬ ಪ್ರಶ್ನೆ ಮೊದಲು ಬರಬೇಕು. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆದ ಮೇಲೆ ಒಳಗೆ ಉಳಿಯುವ ಸತ್ತ ಹುಳುವಿಗೂ ಬೆಲೆಯುಂಟು. ರೀಲರ್ ಅದನ್ನು ಎಸೆಯುವುದಿಲ್ಲ. ನಮ್ಮ ಈಗಿನ ತಯಾರಿಯಲ್ಲಿ ನೂಲು ಬಾರದಿದ್ದರೆ ಉಳಿಯುವುದು ಬರೀ ವಯಸ್ಸು. ಕಟಾಫ್‌ಗೆ ಎರಡು ಅಂಕ ಕಡಿಮೆ ಬಿದ್ದ ಹುಡುಗನ ತಲೆಯಲ್ಲಿರುವ ಸಾವಿರಾರು ಬಿಡಿ ಮಾಹಿತಿಗೆ ಹೊರಗಿನ ಲೋಕದಲ್ಲಿ ಗಿರಾಕಿಗಳಿಲ್ಲ.

ಹೀಗಾಗುವುದಕ್ಕೆ ಕಾರಣ, ಪರೀಕ್ಷೆ ಕೇಳುವುದೇ ಒಂದು, ನಾವು ಓದುವುದೇ ಇನ್ನೊಂದು. ಪ್ರಿಲಿಮ್ಸ್ ಬರೀ ಜರಡಿ. ಅದರ ಅಂಕ ಅಂತಿಮ ಪಟ್ಟಿಗೆ ಸೇರುವುದಿಲ್ಲ. ಎಣಿಕೆಗೆ ಬರುವ 2,025 ಅಂಕಗಳಲ್ಲಿ 1,750 ಬರವಣಿಗೆಯವು: ಪ್ರಬಂಧಕ್ಕೆ 250, ಸಾಮಾನ್ಯ ಅಧ್ಯಯನದ ನಾಲ್ಕು ಪತ್ರಿಕೆಗಳಿಗೆ 1,000, ಐಚ್ಛಿಕ ವಿಷಯದ ಎರಡು ಪತ್ರಿಕೆಗಳಿಗೆ 500. ಉಳಿದ 275 ಸಂದರ್ಶನಕ್ಕೆ. ಅಂದರೆ, ಒಂದು ವಿಷಯವನ್ನು ಓದಿ, ಎರಡು ಕಡೆಯ ವಾದ ತೂಗಿ, ಸೀಮಿತ ಪದಗಳಲ್ಲಿ ತನ್ನ ನಿಲುವನ್ನು ಬರೆಯಬಲ್ಲವರನ್ನು ಈ ಪರೀಕ್ಷೆ ಹುಡುಕುತ್ತದೆ. ಆ ಶಕ್ತಿ ಆರು ತಿಂಗಳ ಕ್ರ್ಯಾಶ್ ಕೋರ್ಸಿನಲ್ಲಿ ಬರುವಂಥದ್ದಲ್ಲ. ಹದಿನೆಂಟರಿಂದ ಇಪ್ಪತ್ತೊಂದರ ವಯಸ್ಸಿನಲ್ಲಿ ವಾರಕ್ಕೊಂದು ಪುಟ ಬರೆದು, ಮೇಷ್ಟ್ರ ಕೈಯಲ್ಲಿ ಕೆಂಪು ಶಾಯಿಯ ಗೆರೆ ಹಾಕಿಸಿಕೊಂಡು, ಮತ್ತೆ ಬರೆದರೆ ಬರುತ್ತದೆ. ಪದವಿ ಇರುವುದೇ ಅದಕ್ಕೆ. ಕರ್ನಾಟಕದಲ್ಲಿ ಪದವಿ ನಾಲ್ಕು ವರ್ಷವೋ ಮೂರು ವರ್ಷವೋ ಎಂದು 2021ರಿಂದ 2024ರ ತನಕ ಹಗ್ಗಜಗ್ಗಾಟ ನಡೆದು ಕೊನೆಗೆ ಮತ್ತೆ ಮೂರಕ್ಕೇ ಬಂದು ನಿಂತಿತು. ಆ ವರ್ಷಗಳಲ್ಲಿ ವಿದ್ಯಾರ್ಥಿ ಎಷ್ಟು ಪುಟ ಬರೆಯಬೇಕು ಎಂಬ ಚರ್ಚೆ ಮಾತ್ರ ಆಗಲಿಲ್ಲ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡೇ ಹೋದವರು. ಮುಂದೆ ಅಮೆರಿಕದ ಒಹಾಯೊದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಪವಾಡಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸಲು ಅವರು 1976ರಲ್ಲಿ ಸಮಿತಿ ಮಾಡಿದಾಗ ನಾಡೇ ಬಿಸಿಯಾಯಿತು. ನಮ್ಮ ಹುಡುಗರು ಅವರನ್ನು ನೆನೆಯುವುದು ಹೆಚ್ಚಾಗಿ ಆ ನಡಿಗೆಗಾಗಿ, ಬಡತನದಿಂದ ಎದ್ದು ಬಂದ ಕಥೆಗಾಗಿ. ಆದರೆ ಅವರು ಜೀವನಪೂರ್ತಿ ಕಲಿಸಿದ್ದು ಪ್ರಶ್ನೆ ಕೇಳುವುದನ್ನು. ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕುವುದನ್ನಷ್ಟೇ ಕಲಿತವನಿಗೆ ಪ್ರಶ್ನೆಯೇ ತಪ್ಪಿರಬಹುದು ಎಂಬ ಅನುಮಾನ ಬರುವುದಿಲ್ಲ. ಆ ಅನುಮಾನ ಬರದವನು ಮೇನ್ಸ್‌ನಲ್ಲಿ ಸೋಲುತ್ತಾನೆ. ಅದೃಷ್ಟದಿಂದ ಗೆದ್ದರೆ ಮೇಲಿನಿಂದ ಬಂದ ಕಡತಕ್ಕೆ ಕಣ್ಣುಮುಚ್ಚಿ ಸಹಿ ಹಾಕುವ ಅಧಿಕಾರಿಯಾಗುತ್ತಾನೆ. ಎರಡನೆಯದು ಜನರಿಗೆ ಇನ್ನೂ ದೊಡ್ಡ ನಷ್ಟ.

ಇನ್ನು ಪಠ್ಯಕ್ರಮ. ಸಾಮಾನ್ಯ ಅಧ್ಯಯನ ಎಂದರೆ ದೆಹಲಿಯಲ್ಲಿ ಅಚ್ಚಾದ ದಪ್ಪ ಪುಸ್ತಕ ಎಂದು ನಂಬಿದ ಹುಡುಗ ತಾನು ಬಸ್ಸಿಳಿಯುವ ಊರನ್ನೇ ನೋಡುವುದಿಲ್ಲ. ನಂದಿಬೆಟ್ಟದ ಸುತ್ತಮುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ ಹುಟ್ಟುತ್ತವೆ. ಆದರೂ ಈ ಜಿಲ್ಲೆಗೆ ವರ್ಷಪೂರ್ತಿ ಹರಿಯುವ ನದಿಯೊಂದಿಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರು ಸಂಸ್ಕರಣೆಯಾಗಿ ಇಲ್ಲಿನ ಕೆರೆಗಳಿಗೆ ಹರಿದು ಬರುತ್ತಿದೆ. ಅದರಿಂದ ಅಂತರ್ಜಲ ಏರಿತು ಎನ್ನುವವರೂ ಇದ್ದಾರೆ, ಆ ನೀರನ್ನು ಇನ್ನೊಂದು ಹಂತ ಶುದ್ಧೀಕರಿಸದೆ ಬಿಡಬಾರದು ಎನ್ನುವವರೂ ಇದ್ದಾರೆ. ಪಶ್ಚಿಮ ಘಟ್ಟದ ನೀರನ್ನು ಇತ್ತ ತರುವ ಎತ್ತಿನಹೊಳೆ ಯೋಜನೆಯ ಅಂದಾಜು 2014ರಲ್ಲಿ 12,912 ಕೋಟಿ ರೂಪಾಯಿ ಇದ್ದದ್ದು ಮುಂದೆ 23,251 ಕೋಟಿಗೆ ಏರಿತು. ಪಶ್ಚಿಮ ಘಟ್ಟದ ಪರಿಸರ, ಬಯಲುಸೀಮೆಯ ಬಾಯಾರಿಕೆ, ಸಾರ್ವಜನಿಕ ಹಣ, ಒಕ್ಕೂಟ ವ್ಯವಸ್ಥೆ ಎಲ್ಲವೂ ನೀರಿನ ಈ ಒಂದು ಪ್ರಶ್ನೆಯೊಳಗಿವೆ. ಮೇನ್ಸ್‌ನ ಎರಡನೆಯ, ಮೂರನೆಯ ಪತ್ರಿಕೆಗಳು ಕೇಳುವುದು ಇಂಥದ್ದನ್ನೇ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ದರ ಕುಸಿದರೆ ಅದರ ಹಿಂದೆ ಚೀನಾದ ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕದ ತೀರ್ಮಾನವೂ ಇರುತ್ತದೆ. ಚಿಂತಾಮಣಿಯ ಟೊಮೆಟೊ ಒಂದು ತಿಂಗಳು ಚಿನ್ನದ ಬೆಲೆಗೆ ಹೋಗಿ ಇನ್ನೊಂದು ತಿಂಗಳು ರಸ್ತೆ ಬದಿಗೆ ಬೀಳುವುದರಲ್ಲಿ ಶೈತ್ಯಾಗಾರ, ಎಪಿಎಂಸಿ, ಸಾಗಣೆ, ಸಾಲ ಎಂಬ ನಾಲ್ಕು ಅಧ್ಯಾಯಗಳಿವೆ. ಗೌರಿಬಿದನೂರಿನ ಪಕ್ಕದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. ಅದರ ಬೆನ್ನಿಗೇ ಸರ್ದಾರ್ ಪಟೇಲ್ ಮತ್ತು ದಿವಾನ್ ಮಿರ್ಜಾ ಇಸ್ಮಾಯಿಲ್ ನಡುವೆ ಒಪ್ಪಂದವಾಗಿ ಸಂಸ್ಥಾನದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಲು ದಾರಿಯಾಯಿತು. ದೇಶೀ ಸಂಸ್ಥಾನಗಳಲ್ಲಿ ಸ್ವಾತಂತ್ರ್ಯ ಚಳವಳಿ ಬ್ರಿಟಿಷ್ ಪ್ರಾಂತ್ಯಗಳಿಗಿಂತ ಹೇಗೆ ಭಿನ್ನವಾಗಿತ್ತು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗದು. ತನ್ನ ತಾಲ್ಲೂಕನ್ನು ಹೀಗೆ ಓದಬಲ್ಲವಳು ದೇಶವನ್ನೂ ಓದಬಲ್ಲಳು. ಸಂದರ್ಶನದಲ್ಲಿ ಮಂಡಳಿಯವರು ತವರು ಜಿಲ್ಲೆಯ ಬಗ್ಗೆ ಕೇಳಿಯೇ ಕೇಳುತ್ತಾರೆ. ಆಗ ಕೋಚಿಂಗ್ ನೋಟ್ಸ್ ಕೈ ಕೊಡುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಅಷ್ಟೆಲ್ಲ ಓದಿಸುವ ಕಾಲೇಜು ಎಲ್ಲಿದೆ? ಸರ್ಕಾರಿ ಕಾಲೇಜುಗಳು ನಡೆಯುತ್ತಿರುವುದೇ ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ತರಗತಿಯಲ್ಲಿ ನೂರು ಮಂದಿ ಇದ್ದರೆ ಯಾರ ಬರಹವನ್ನು ಯಾರು ತಿದ್ದುವುದು? ಒಪ್ಪಿದೆ. ಆದರೆ ಕಾಲೇಜು ದುರ್ಬಲವಾಗಿದೆ ಎಂಬುದು ಕಾಲೇಜನ್ನು ಗಟ್ಟಿ ಮಾಡಲು ಕಾರಣವಾಗಬೇಕೇ ಹೊರತು, ಅದನ್ನು ಕೈಬಿಟ್ಟು ಖಾಸಗಿ ಕೋಚಿಂಗಿಗೆ ಹಣ ಕಟ್ಟಲು ಅಲ್ಲ. ಸರ್ಕಾರ ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಇಲಾಖೆಗಳ ಮೂಲಕ ಆಯ್ದ ಅಭ್ಯರ್ಥಿಗಳನ್ನು ಉಚಿತ ಕೋಚಿಂಗಿಗೆ ಕಳಿಸಿ ಶಿಷ್ಯವೇತನ ಕೊಡುತ್ತದೆ. ಒಳ್ಳೆಯ ಕೆಲಸವೇ. ಆದರೆ ಅದು ಪದವಿ ಮುಗಿಸಿದ ಕೆಲವರಿಗೆ ಸಿಗುವ ನೆರವು. ಅದರ ಒಂದು ಪಾಲನ್ನು ತಾಲ್ಲೂಕು ಕಾಲೇಜುಗಳಲ್ಲಿ ಬರವಣಿಗೆ ತಿದ್ದುವವರ ಸಂಬಳಕ್ಕೆ ಕೊಟ್ಟರೆ ಎಲ್ಲರಿಗೂ ತಲುಪುತ್ತದೆ. ಪರೀಕ್ಷೆಯನ್ನೇ ಬರೆಯದವರಿಗೂ ಉಪಯೋಗಕ್ಕೆ ಬರುತ್ತದೆ.

ಎರಡನೆಯ ಆಕ್ಷೇಪ: ಬಡವರ ಮಕ್ಕಳಿಗೆ ಇರುವ ಒಂದೇ ಬಾಗಿಲು ಇದು, ಅದರ ಮುಂದೆ ನಿಂತು ಲೆಕ್ಕ ಹೇಳುವುದು ಸರಿಯೇ? ಈ ಮಾತಿನಲ್ಲಿರುವ ನೋವು ನಿಜ. ಮೇಲಿನ ಹುದ್ದೆಗಳಲ್ಲಿ ಶಿಫಾರಸು ಇಲ್ಲದೆ ಬರಬಹುದಾದದ್ದು ಇದೊಂದೇ ಎಂಬ ನಂಬಿಕೆಗೆ ಸಾಕ್ಷಿಗಳೂ ಇವೆ. ಪಕ್ಕದ ಕೋಲಾರ ಜಿಲ್ಲೆಯ ಕೆಂಬೋಡಿಯ ಕೆ.ಆರ್. ನಂದಿನಿ 2016ರ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲಿಗರಾದರು. ಶಾಲಾ ಶಿಕ್ಷಕರ ಮಗಳು, ಓದಿದ್ದು ಸಿವಿಲ್ ಎಂಜಿನಿಯರಿಂಗ್, ಐಚ್ಛಿಕವಾಗಿ ಆರಿಸಿಕೊಂಡದ್ದು ಕನ್ನಡ ಸಾಹಿತ್ಯ. ಅವರ ಹೆಸರು ನಮ್ಮ ಕಡೆಯ ಕೋಚಿಂಗ್ ಪೋಸ್ಟರುಗಳಲ್ಲಿ ಬಂದಷ್ಟು ಅವರ ದಾರಿಯ ವಿವರ ಬರುವುದಿಲ್ಲ. ಮೊದಲ ರ್‍ಯಾಂಕ್ ಬಂದಾಗ ಅವರು ಆಗಲೇ ಕಂದಾಯ ಸೇವೆಗೆ ಆಯ್ಕೆಯಾಗಿ ತರಬೇತಿಯಲ್ಲಿದ್ದರು. ಅದಕ್ಕೂ ಮೊದಲು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ಕೆಲಸ ಮಾಡಿದ್ದರು. ಅಂದರೆ, ಕಾಲಡಿ ನೆಲ ಇಟ್ಟುಕೊಂಡೇ ಏಣಿ ಹತ್ತಿದವರು. ಎಲ್ಲ ಬಿಟ್ಟು ಕೂತರೆ ಮಾತ್ರ ಸಿಗುತ್ತದೆ ಎಂಬ ಪಾಠವನ್ನು ಈ ಕಥೆಯಿಂದ ತೆಗೆಯಲು ಬರುವುದಿಲ್ಲ.

ಬಾಗಿಲು ಎಲ್ಲರಿಗೂ ಸಮ ಎಂಬ ಮಾತಿಗೂ ಈ ಮಣ್ಣಿನಲ್ಲೇ ಒಂದು ಹಳೆಯ ಜಗಳವಿದೆ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಎಂ. ವಿಶ್ವೇಶ್ವರಯ್ಯ 1912ರಿಂದ 1918ರ ತನಕ ಮೈಸೂರಿನ ದಿವಾನರು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಕೊಡುವ ಬಗ್ಗೆ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದ ಸಂದರ್ಭದಲ್ಲಿ, ದಕ್ಷತೆಗೆ ಧಕ್ಕೆಯಾಗುತ್ತದೆ ಎಂಬ ನಿಲುವಿನ ವಿಶ್ವೇಶ್ವರಯ್ಯ ಹುದ್ದೆ ಬಿಟ್ಟರು. 1919ರ ಮಿಲ್ಲರ್ ವರದಿ ಇನ್ನೊಂದು ಕಡೆಯಿಂದ ನೋಡಿತು: ಪರೀಕ್ಷೆ ಎಲ್ಲರಿಗೂ ಒಂದೇ ಆದರೂ ಪರೀಕ್ಷೆಯವರೆಗೆ ಬರುವ ದಾರಿ ಒಂದೇ ಅಲ್ಲ. ನಮ್ಮ ನಾಲ್ಕು ಊರುಗಳ ವಿದ್ಯಾರ್ಥಿಗಳ ಮಟ್ಟಿಗೆ ಇಂದಿಗೂ ಮಿಲ್ಲರ್ ಹೇಳಿದ್ದೇ ಸರಿ. ಮೀಸಲಾತಿಯಿಂದ ಬಾಗಿಲು ಅಗಲವಾಯಿತು. ಆದರೆ ದಾರಿಯ ಖರ್ಚು ಹೆಚ್ಚಿತು. ತಯಾರಿಯನ್ನು ಪದವಿಯ ಹೊರಗೆ ಹಾಕಿದ ಕ್ಷಣ, ಮೂರು ವರ್ಷ ಸಂಪಾದನೆ ಇಲ್ಲದೆ ಬಾಡಿಗೆ ಕಟ್ಟಬಲ್ಲವರಿಗೆ ಅದನ್ನು ಬಿಟ್ಟುಕೊಟ್ಟಂತೆ ಆಯಿತು.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಪದವಿ ಓದಲು ಚಿಂತಾಮಣಿಗೆ ದಿನಾ ಬಸ್ಸಿನಲ್ಲಿ ಕಳಿಸುವ ಅಪ್ಪ, ಪದವಿ ಮುಗಿದ ಮೇಲೆ ಬೆಂಗಳೂರಿನಲ್ಲಿ ಪಿಜಿ ರೂಮು ಮಾಡಿ ಕೊಡುವುದು ಅಪರೂಪ. ‘ಇನ್ನೊಂದು ವರ್ಷ ನೋಡೋಣ’ ಎಂಬ ಗಡುವು ಮಗನಿಗೆ ಸಿಗುವಷ್ಟು ಸಲ ಮಗಳಿಗೆ ಸಿಗುವುದಿಲ್ಲ. ಆಕೆಯ ಕೈಯಲ್ಲಿ ನಿಜವಾಗಿ ಇರುವುದು ಆ ಮೂರು ಕಾಲೇಜು ವರ್ಷಗಳು. ಅವನ್ನು ನಾವು ಪೊಳ್ಳಾಗಿಸಿದರೆ, ಆಕೆ ಸ್ಪರ್ಧೆಗೆ ಇಳಿಯುವ ಮೊದಲೇ ಸ್ಪರ್ಧೆ ಮುಗಿದಿರುತ್ತದೆ.

ಭಾಷೆಯದು ಮತ್ತೊಂದು ತೊಡಕು. ಆಂಧ್ರದ ಗಡಿಗೆ ಅಂಟಿದ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು, ಶಾಲೆಯಲ್ಲಿ ಓದುವುದು ಕನ್ನಡ, ಕೇಂದ್ರದ ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಮೇನ್ಸ್ ಅನ್ನು ಕನ್ನಡದಲ್ಲಿ ಬರೆಯಬಹುದು. ಆದರೆ ಅಲ್ಲಿಗೆ ತಲುಪುವ ಜರಡಿಯಲ್ಲಿ ಕನ್ನಡ ಇಲ್ಲ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಗೆ 2019ರಲ್ಲಿ, ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಎಂಟಿಎಸ್ ಪರೀಕ್ಷೆಗೆ 2023ರಲ್ಲಿ, ಕೇಂದ್ರ ಸಶಸ್ತ್ರ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಗೆ 2024ರಲ್ಲಿ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳು ಬಂದವು. ಕಾನ್‌ಸ್ಟೇಬಲ್ ಆಗುವವನಿಗೆ ಸಲ್ಲುವ ಭಾಷೆ ಕಲೆಕ್ಟರ್ ಆಗುವವನಿಗೆ ಯಾಕೆ ಸಲ್ಲದು ಎಂದು ಕೇಳುವ ಹಕ್ಕು ನಮಗಿದೆ.

ದೆಹಲಿಯನ್ನು ಕೇಳುವ ಮೊದಲು ಬೆಂಗಳೂರನ್ನೂ ಕೇಳಬೇಕು. ರಾಜ್ಯದ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆದ ಪ್ರಿಲಿಮ್ಸ್‌ನ ಕನ್ನಡ ಅನುವಾದ ಎಷ್ಟು ಕೆಟ್ಟದಾಗಿತ್ತೆಂದರೆ ಮರುಪರೀಕ್ಷೆ ಮಾಡಬೇಕಾಯಿತು. ಡಿಸೆಂಬರ್ 29ರ ಆ ಮರುಪರೀಕ್ಷೆಯಲ್ಲೂ ಅನುವಾದದ ತಪ್ಪುಗಳ ಬಗ್ಗೆ ಕೂಗೆದ್ದಿತು. ಅದಕ್ಕೆ ಹಿಂದಿನ ಅಧಿಸೂಚನೆ ಬಂದದ್ದು 2020ರ ಜನವರಿಯಲ್ಲಿ, 106 ಹುದ್ದೆಗಳಿಗೆ. ನಡುವಿನ ನಾಲ್ಕು ವರ್ಷ ‘ಯಾವಾಗ ಕಾಲ್ ಮಾಡುತ್ತಾರೆ’ ಎಂದು ಕಾದವರಲ್ಲಿ ಎಷ್ಟೋ ಮಂದಿಯ ವಯಸ್ಸೇ ಮುಗಿಯಿತು. 2011ರ ತಂಡದ 362 ಮಂದಿಯ ಆಯ್ಕೆ ಸಿಐಡಿ ತನಿಖೆ, ರದ್ದತಿ, ನ್ಯಾಯಾಲಯ ಎಲ್ಲ ಹಾದು 2022ರಲ್ಲಿ ವಿಶೇಷ ಕಾನೂನಿನ ಮೂಲಕ ದಡ ಸೇರಿತು. 545 ಪಿಎಸ್‌ಐ ಹುದ್ದೆಗಳ 2021ರ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ 2024ರ ಜನವರಿಗೆ ಬಂತು. ಕೇಂದ್ರ ಆಯೋಗ ವರ್ಷದ ವೇಳಾಪಟ್ಟಿಯನ್ನು ಮೊದಲೇ ಪ್ರಕಟಿಸಿ ಬಹುಮಟ್ಟಿಗೆ ಹಾಗೆಯೇ ನಡೆದುಕೊಳ್ಳುತ್ತದೆ. ರಾಜ್ಯದ ಆಯೋಗಕ್ಕೆ ಆ ಶಿಸ್ತು ಬರುವ ತನಕ ‘ಶ್ರದ್ಧೆಯಿಂದ ಓದಿ’ ಎಂದು ಹುಡುಗರಿಗೆ ಬುದ್ಧಿ ಹೇಳುವ ನೈತಿಕ ಹಕ್ಕು ಸರ್ಕಾರಕ್ಕೆ ಅರ್ಧ ಮಾತ್ರ.

ಹೀಗೆ ದಿನಾಂಕವೇ ಗೊತ್ತಿಲ್ಲದ ಪರೀಕ್ಷೆಗೆ ಬದುಕನ್ನು ನಿಲ್ಲಿಸಿ ಕಾಯುವುದು ಇನ್ನೂ ಅವಿವೇಕ. ಆದ್ದರಿಂದ ನಾನು ಹೇಳುವ ಕ್ರಮ ಸರಳ. ಪದವಿಯ ಮೊದಲ ವರ್ಷದಲ್ಲೇ ದಿನಪತ್ರಿಕೆ ಓದಿ ವಾರಕ್ಕೊಂದು ಪ್ರಬಂಧ ಬರೆಯುವ ಅಭ್ಯಾಸ ಮಾಡಬೇಕು. ಕನ್ನಡದಲ್ಲೇ ಸಿಗುವ ‘ಯೋಜನಾ’ ಮಾಸಿಕ, ರಾಜ್ಯದ ಆರ್ಥಿಕ ಸಮೀಕ್ಷೆ ಮತ್ತು ಗೆಜೆಟಿಯರ್ ಸಾಮಗ್ರಿಯಾಗಲಿ. ಈ ತಾಲ್ಲೂಕುಗಳು 2007ರ ತನಕ ಕೋಲಾರ ಜಿಲ್ಲೆಯಲ್ಲಿದ್ದುದರಿಂದ ಕೋಲಾರದ ಹಳೆಯ ಗೆಜೆಟಿಯರಿನಲ್ಲೇ ಸಿಗುತ್ತವೆ. ಐಚ್ಛಿಕ ವಿಷಯವಾಗಿ ಪದವಿಯಲ್ಲಿ ಓದಿದ್ದನ್ನೇ ಆಳವಾಗಿ ಹಿಡಿದರೆ 500 ಅಂಕಗಳ ತಯಾರಿ ತರಗತಿಯಲ್ಲೇ ಆದೀತು. ಎರಡನೆಯದಾಗಿ, ಪದವಿ ಮುಗಿದ ಮೇಲೆ ಪೂರ್ಣಾವಧಿ ಓದಿಗೆ ಎಷ್ಟು ಕಾಲ ಕೊಡಬೇಕೆಂದು ಮನೆಯವರೊಂದಿಗೆ ಕೂತು ಮೊದಲೇ ಗಡುವು ಹಾಕಿಕೊಳ್ಳಬೇಕು. ಅದು ಮುಗಿದ ಮೇಲೆ ಬರೆಯುವುದಾದರೆ ಯಾವುದಾದರೂ ದುಡಿಮೆಯ ಜೊತೆಗೆ. ಅಟೆಂಪ್ಟ್ ಉಳಿದಿದೆ ಎಂಬುದು ಮುಂದುವರಿಯಲು ಕಾರಣವಲ್ಲ. ಕಳೆದ ಸಲಕ್ಕಿಂತ ಮುಂದೆ ಹೋಗಿದ್ದೇನೆಯೇ ಎಂಬುದು ಕಾರಣ.

ಕಾಲೇಜುಗಳ ಪಾಲಿನ ಕೆಲಸವೂ ದುಬಾರಿಯದಲ್ಲ. ಪ್ರತಿ ವಿದ್ಯಾರ್ಥಿಯೂ ತನ್ನ ಗ್ರಾಮ ಪಂಚಾಯಿತಿಯ ಒಂದು ವರ್ಷದ ಆಯವ್ಯಯ ಓದಿ ಹತ್ತು ಪುಟದ ವರದಿ ಬರೆಯಲಿ. ಮಾಹಿತಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಲಿ. ಪಂಚಾಯಿತಿಗಳ ಅರಿವು ಕೇಂದ್ರಗಳು ಸಂಜೆಯ ಚರ್ಚೆಗೆ ಜಾಗವಾಗಲಿ. ಹೀಗೆ ತಯಾರಾದ ಹುಡುಗಿಗೆ ಐಎಎಸ್ ಸಿಗದೆ ಹೋಗಬಹುದು. ಆದರೆ ಸರ್ಕಾರಿ ಆದೇಶವನ್ನು ಓದಿ ಅರ್ಥ ಹೇಳಬಲ್ಲ, ಪಂಚಾಯಿತಿಯ ಲೆಕ್ಕದಲ್ಲಿ ತಪ್ಪು ಹಿಡಿಯಬಲ್ಲ, ಬ್ಯಾಂಕಿನಲ್ಲೋ ಶಾಲೆಯಲ್ಲೋ ಪತ್ರಿಕೆಯಲ್ಲೋ ತನ್ನ ಮಾತನ್ನು ತೂಕವಾಗಿ ಬರೆದಿಡಬಲ್ಲ ಒಬ್ಬಳು ಆ ತಾಲ್ಲೂಕಿಗೆ ಸಿಗುತ್ತಾಳೆ. ಕಚೇರಿಯ ಮೇಜಿನ ಆ ಕಡೆ ಒಳ್ಳೆಯ ಅಧಿಕಾರಿ ಕೂರಬೇಕೆಂದು ಇಷ್ಟೊಂದು ಹಣ, ವಯಸ್ಸು ಸುರಿಯುವ ನಾವು, ಈ ಕಡೆ ನಿಲ್ಲುವ ಸಾವಿರ ಮಂದಿಗೆ ಪ್ರಶ್ನೆ ಕೇಳುವಷ್ಟು ಓದು ಕೊಡದಿದ್ದರೆ, ಆಯ್ಕೆಯಾದ ಆ ಒಬ್ಬರಿಂದ ಲೆಕ್ಕ ಕೇಳುವವರೇ ಇರುವುದಿಲ್ಲ.